ಲೆಜಿನ್‌ನಲ್ಲಿ ಮಾಫಿಯಾ ಬಿಎಲ್: ಕಾಯಿನ್ ಹಾಕುವ ಮುನ್ನ

2013ರಲ್ಲಿ ದಕ್ಷಿಣ ಕೊರಿಯಾದಲ್ಲಿ ಶುರುವಾದ ವೆಬ್ ಕಾಮಿಕ್ಸ್ ತಾಣ ಲೆಜಿನ್, ಬಿಎಲ್ (ಬಾಯ್ಸ್ ಲವ್), ಅಂದರೆ ಗಂಡಸರ ನಡುವಿನ ಪ್ರೇಮಕಥೆಗಳ ಕಾಮಿಕ್ಸ್ ಓದುವವರಿಗೆ ಈಗಲೂ ಒಳ್ಳೆಯ ಆಯ್ಕೆ. ಕಾಯಿನ್ ಕೊಂಡು ಕಂತು ಕಂತಾಗಿ ತೆರೆಯಬೇಕು. ಶುರುವಿನ ಕೆಲವು ಕಂತುಗಳು ಸಾಮಾನ್ಯವಾಗಿ ಉಚಿತ. ಆಪ್ ಸ್ಟೋರ್‌ಗಳ ನಿಯಮದಿಂದಾಗಿ ಆಪ್‌ನಲ್ಲಿ ವಯಸ್ಕರ ದೃಶ್ಯಗಳಿಗೆ ಕತ್ತರಿ ಬಿದ್ದಿರುತ್ತದೆ. ಪೂರ್ತಿ ಓದಬೇಕೆಂದರೆ ಬ್ರೌಸರ್‌ನಲ್ಲೇ ಲಾಗಿನ್ ಆಗಿ. ದೊಡ್ಡ ಕಾಯಿನ್ ಪ್ಯಾಕ್ ಕೊಳ್ಳುವ ಮುನ್ನ ಕತೆ ಮುಗಿದಿದೆಯೋ, ಸೀಸನ್ ನಡುವೆ ನಿಂತಿದೆಯೋ ನೋಡಿಕೊಳ್ಳಿ.

ಇನ್ನು ಕತೆಗಳ ಗುಣಮಟ್ಟ. ಮಾಫಿಯಾ ಬಿಎಲ್‌ಗಳಲ್ಲಿ ಹಲವು ನಿಂತಿರುವುದು ಸಾಲದ ಮೇಲೆ: ಅಪ್ಪ ಸತ್ತ, ಸಾಲ ಮಗನ ತಲೆಗೆ ಬಂತು, ವಸೂಲಿಗೆ ಬಂದ ಗ್ಯಾಂಗ್ ನಾಯಕನ ಕಣ್ಣು ಅವನ ಮೇಲೆ ಬಿತ್ತು. ಆದರೆ ಕೊರಿಯಾದ ಕಾನೂನಿನಲ್ಲಿ ವಾರಸುದಾರ ವಿಷಯ ತಿಳಿದ 3 ತಿಂಗಳೊಳಗೆ ಆಸ್ತಿ, ಸಾಲ ಎರಡನ್ನೂ ನಿರಾಕರಿಸಬಹುದು. 2021ರಿಂದ ಬಡ್ಡಿಯ ಮಿತಿಯೂ ವರ್ಷಕ್ಕೆ ಶೇ. 20. ಒಳ್ಳೆಯ ಲೇಖಕರು ಈ ಬಾಗಿಲನ್ನು ಮೊದಲೇ ಮುಚ್ಚುತ್ತಾರೆ: ಮಗನೇ ಜಾಮೀನಿಗೆ ಸಹಿ ಹಾಕಿರುತ್ತಾನೆ. ಅಷ್ಟೂ ಮಾಡದ ಕತೆಯಲ್ಲಿ ಭಯ ಹುಟ್ಟುವುದೇ ಇಲ್ಲ.

ಆಯುಧಗಳನ್ನೂ ಗಮನಿಸಿ. ಕೊರಿಯಾದಲ್ಲಿ ಬಂದೂಕಿಗೆ ಬಿಗಿ ನಿಯಂತ್ರಣವಿದೆ. ಅಲ್ಲಿನ ರೌಡಿಯ ಕೈಯಲ್ಲಿ ಮೀನು ಸೀಳುವ ಉದ್ದ ಚಾಕು, ಬೇಸ್‌ಬಾಲ್ ಬ್ಯಾಟ್ ಹೆಚ್ಚು ನಂಬಿಕೆ ಹುಟ್ಟಿಸುತ್ತವೆ. ಮೇಲಿಂದ ಕೆಳಗೆ ಸರಿಯುವ ಪುಟದಲ್ಲಿ, ಏಟು ಬೀಳುವ ಮುನ್ನ ಪರದೆ ತುಂಬ ಬರೀ ಕಪ್ಪು ಬಿಡುವ ಚಿತ್ರಕಾರರಿದ್ದಾರೆ. ಬೆರಳು ತಾನಾಗಿ ನಿಧಾನವಾಗುತ್ತದೆ, ಅದ್ಭುತ!

ಒಪ್ಪಿಗೆಯಿಲ್ಲದ ಸಂಭೋಗ, ಕೂಡಿಹಾಕುವುದು, ಚಿತ್ರಹಿಂಸೆ ಇಲ್ಲಿ ಸಾಮಾನ್ಯ. ಉಚಿತ ಕಂತುಗಳಲ್ಲಿ ಇದರ ತೀವ್ರತೆ ಗೊತ್ತಾಗದಿರಬಹುದು. ಇದು ವಯಸ್ಕರಿಗೆ ಮಾತ್ರ, ಅದರಲ್ಲೂ ಇಂಥದ್ದನ್ನು ತಾಳಿಕೊಳ್ಳಬಲ್ಲವರಿಗೆ.