ಅಟಲ್ ಭೂಜಲ: ಅಳತೆ ಊರಿನ ಕೈಯಲ್ಲಿ, ಗಲ್ಲಾಪೆಟ್ಟಿಗೆ ಬೇರೆಯವರ ಹತ್ತಿರ

ಚಿತ್ರದುರ್ಗ, ದಾವಣಗೆರೆ ಸೀಮೆಯ ಪಂಚಾಯ್ತಿಗಳ ಬಾಗಿಲಿಗೆ ಬಂದ ನೀರಿನ ಸೇವೆಗಳಲ್ಲಿ ತೂಗಿ ನೋಡಲೇಬೇಕಾದ್ದು ಅಂತರ್ಜಲಕ್ಕೆಂದು ಕೇಂದ್ರ ತಂದ ಅಟಲ್ ಭೂಜಲ ಯೋಜನೆ. 2019ರ ಡಿಸೆಂಬರ್ 25ರಂದು ಘೋಷಣೆಯಾಯಿತು. ಕರ್ನಾಟಕವೂ ಸೇರಿ 7 ರಾಜ್ಯಗಳಿಗೆ ಒಟ್ಟು 6,000 ಕೋಟಿ ರೂಪಾಯಿ. ಅರ್ಧ ವಿಶ್ವಬ್ಯಾಂಕ್ ಸಾಲ, ಅರ್ಧ ಕೇಂದ್ರದ ದುಡ್ಡು. ಇದು ಚೆಕ್‌ಡ್ಯಾಮ್ ಕಟ್ಟಿಕೊಡುವ ಯೋಜನೆ ಅಂದುಕೊಂಡು ಹೋದವರಿಗೆ ನಿರಾಸೆ ಖಂಡಿತ. ಇದು ಕಲಿಸುವುದು ಲೆಕ್ಕ.

ಅಳತೆಯ ವಿಷಯದಲ್ಲಿ ಹತ್ತಕ್ಕೆ ಎಂಟು ಅಂಕ ಕೊಡಬಹುದು. ಮಳೆಮಾಪಕ, ನೀರಿನ ಮಟ್ಟ ನೋಡುವ ಸೌಂಡರ್ (ನೀರು ತಾಗಿದರೆ ಬೀಪ್ ಅನ್ನುವ ಟೇಪು), ಪಂಪಿಗೆ ಕೂರಿಸುವ ಮೀಟರ್, ಮಟ್ಟವನ್ನು ತಾನೇ ದಾಖಲಿಸುವ ಪೀಜೋಮೀಟರ್ ಬೋರ್, ಎಲ್ಲವೂ ಉಪಯೋಗದ ಸಾಮಾನೇ. ಆದರೆ ಸೌಂಡರ್ ಇಳಿಬಿಡುವುದರಲ್ಲೇ ಹೆಚ್ಚು ತಪ್ಪಾಗುತ್ತದೆ. ಮೋಟರ್ ಕನಿಷ್ಠ ಒಂದು ರಾತ್ರಿ ನಿಂತಿರಬೇಕು, ಪಕ್ಕದ ಹೊಲದ್ದೂ ಓಡುತ್ತಿರಬಾರದು. ಕೇಸಿಂಗ್, ಅಂದರೆ ಬೋರಿಗೆ ಇಳಿಸಿದ ಪೈಪಿನ ಗೋಡೆ ಒದ್ದೆಯಿದ್ದರೆ ನೀರು ಸಿಗುವ ಮೊದಲೇ ಬೀಪ್ ಬರುತ್ತದೆ. ಎರಡು ಮೂರು ಸಲ ಎತ್ತಿ ಇಳಿಸಿ, ಒಂದೇ ಅಂಕಿ ಬಂದ ಮೇಲೆ ಬರೆದುಕೊಳ್ಳಬೇಕು. ಟೇಪು 182 ಅಡಿ ತೋರಿಸಿ ಕೇಸಿಂಗ್ ನೆಲದ ಮೇಲೆ 2 ಅಡಿ ಇದ್ದರೆ ನಿಜವಾದ ಆಳ 180. ಅದೇ ಬೋರು, ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೆ ನವೆಂಬರಿನಲ್ಲೊಮ್ಮೆ. ವರ್ಷಕ್ಕೊಂದು ಬೋರು ಬದಲಿಸಿದರೆ ಪುಸ್ತಕ ತುಂಬುತ್ತದೆ, ಲೆಕ್ಕ ಹುಟ್ಟುವುದಿಲ್ಲ. ಮೀಟರಿಗೂ ಅಷ್ಟೇ: ಎರಡೂವರೆ ಇಂಚಿನ ಪೈಪಾದರೆ ಮೀಟರಿನ ಹಿಂದೆ 25 ಇಂಚು ಬೆಂಡಿಲ್ಲದ ನೇರ ಪೈಪು ಇರಬೇಕು. ಮರಳು ಬರುವ ಬೋರಿಗೆ ಫಿಲ್ಟರ್ ಇಲ್ಲದೆ ಕೂರಿಸಿದರೆ ರೆಕ್ಕೆ ಸಿಕ್ಕಿಕೊಂಡು ಮೀಟರ್ ಸುಳ್ಳು ಹೇಳಲು ಶುರು ಮಾಡುತ್ತದೆ.

ಈ ಸೇವೆಯ ಜೀವಾಳ ಜಲಭದ್ರತಾ ಯೋಜನೆ, ಅಂದರೆ ಊರಿನ ನೀರಿನ ಜಮಾ-ಖರ್ಚು. ಒಂದು ಎಕರೆ ಅಡಿಕೆಯನ್ನೇ ತಗೊಳ್ಳಿ. 9 ಅಡಿ ಅಂತರದಲ್ಲಿ ಸುಮಾರು 540 ಗಿಡ. ಡ್ರಿಪ್ಪಿನಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್ ಅಂದರೆ 10,800 ಲೀಟರ್. ಬೇಸಿಗೆಯ 150 ದಿನಕ್ಕೆ 16 ಲಕ್ಷ ಲೀಟರ್ ದಾಟುತ್ತದೆ. ಈಗ ಜಮಾ ಕಡೆ ನೋಡಿ. 550 ಮಿಲಿಮೀಟರ್ ಮಳೆ ಬಿದ್ದು, ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ಹತ್ತರಲ್ಲೊಂದು ಪಾಲು ಇಂಗಿತು ಅಂತಲೇ ಧಾರಾಳವಾಗಿ ಹಿಡಿದರೂ ಎಕರೆಗೆ 2.2 ಲಕ್ಷ ಲೀಟರ್. ಒಂದೆಕರೆ ತೋಟ ಏಳು ಎಕರೆಗೂ ಹೆಚ್ಚಿನ ಬಯಲಿನ ನೀರು ಕುಡಿಯುತ್ತದೆ. ಹೊಳಲ್ಕೆರೆ, ಚನ್ನಗಿರಿ ಕಡೆಯ ಗ್ರಾಮಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳುವುದಕ್ಕೆ ಧೈರ್ಯ ಬೇಕು, ಅದು ಬೇರೆ ಮಾತು. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಿತೆಂದು ಈ ಲೆಕ್ಕವೇನೂ ಬದಲಾಗುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಅಂಕ ನಾಲ್ಕಕ್ಕೆ ಇಳಿಯುತ್ತದೆ. 6,000 ಕೋಟಿಯಲ್ಲಿ 1,400 ಕೋಟಿ ಸಂಸ್ಥೆಗಳನ್ನು ಬಲಪಡಿಸಲು, ತರಬೇತಿ, ಉಪಕರಣಗಳಿಗೆ. ಉಳಿದ 4,600 ಕೋಟಿ ಪ್ರೋತ್ಸಾಹಧನ; ಮಾಹಿತಿ ಬಯಲಿಗಿಟ್ಟರೆ, ಯೋಜನೆ ತಯಾರಿಸಿದರೆ, ನೀರು ಮಿತವಾಗಿ ಬಳಸಿದರೆ, ಮಟ್ಟ ಕುಸಿಯುವ ವೇಗ ತಗ್ಗಿದರೆ ರಾಜ್ಯಕ್ಕೆ ಹಣ. ಫಲಿತಾಂಶ ನೋಡಿ ದುಡ್ಡು ಕೊಡುವ ಈ ಕ್ರಮ ಸರಿಯೇ. ಆದರೆ ಯೋಜನೆಯಲ್ಲಿ ಬರೆದ ಕಾಮಗಾರಿಗೆ ಹೆಚ್ಚಾಗಿ ಬೇರೆ ಇಲಾಖೆಗಳ ಹಣವನ್ನೇ ಹೊಂದಿಸಿಕೊಳ್ಳಬೇಕು. ಡ್ರಿಪ್ಪಿಗೆ ಸಹಾಯಧನ ಸಿಗುತ್ತದೆ, ಸರಿ. ನರೇಗಾದ ಕೂಲಿ-ಸಾಮಗ್ರಿ 60:40 ಲೆಕ್ಕದಲ್ಲಿ ಕೃಷಿಹೊಂಡ, ಬದು ಸಲೀಸು. ಯಂತ್ರ ತಂದು ಕೊರೆಸಬೇಕಾದ ಇಂಗುಬಾವಿ ತೊಡಕು. ಹಾಗಾಗಿ ಪಟ್ಟಿಯಲ್ಲಿ ಊರಿಗೆ ಬೇಕಾದ್ದಕ್ಕಿಂತ ಬಿಲ್ಲಾಗುವುದೇ ಮೇಲೆ ಬಂದು ಕೂರುವ ಅಪಾಯವಿದೆ.

ಆಡಳಿತಕ್ಕೆ ಮೂರೇ ಅಂಕ. ಲೆಕ್ಕ ಬರೆಯುವ ಊರಿನ ಸಮಿತಿಗೆ ಮುಂದಿನ ಬೋರ್‌ವೆಲ್ ಬೇಡ ಅನ್ನುವ ಹಕ್ಕಿಲ್ಲ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಕೊರೆಯಲು ಅನುಮತಿ ಕೊಡುವ ವ್ಯವಸ್ಥೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಯ ಮಟ್ಟದಲ್ಲಿದೆ. ಅದರ ಮೇಲೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ನೀರಿನ ಮೀಟರಿನ ಅಂಕಿ ಏರಿದರೂ ರೈತನ ಜೇಬಿಗೆ ಏನೂ ತಟ್ಟುವುದಿಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಅಂತರ್ಜಲಕ್ಕೆಂದೇ ಸ್ಥಳೀಯ ಮಂಡಳಿಗಳಿವೆ. ಬಹುಪಾಲು ಕಡೆ ಸದಸ್ಯರನ್ನು ಜನರೇ ಆರಿಸುತ್ತಾರೆ. ಬಾವಿಗೆ ಪರವಾನಗಿ ಕೊಡುವುದು ಆ ಮಂಡಳಿಯೇ, ಮತದಾರರು ಒಪ್ಪಿದರೆ ಆಸ್ತಿ ತೆರಿಗೆ ಹಾಕುವುದೂ ಅದೇ. ಅದನ್ನು ಹಾಗೇ ಇಲ್ಲಿಗೆ ತನ್ನಿ ಅಂತಲ್ಲ. ಅಲ್ಲಿ ಅಳೆಯುವ ಕೈ, ವಸೂಲಿ ಮಾಡುವ ಕೈ, ಬೇಡ ಅನ್ನುವ ಬಾಯಿ ಮೂರೂ ಒಂದೇ ಮೈಯಲ್ಲಿವೆ.

ನಿಮ್ಮ ಪಂಚಾಯ್ತಿಯಲ್ಲಿ ಜಲಭದ್ರತಾ ಯೋಜನೆ ಗ್ರಾಮಸಭೆಗೆ ಬಂದರೆ ಕೈ ಎತ್ತುವ ಮೊದಲು ಎರಡು ಕಾಗದ ಕೇಳಿ. ಒಂದು, ಮೇ ಮತ್ತು ನವೆಂಬರಿನ ಅಳತೆ, ಬೋರಿನ ಗುರುತು ಸಮೇತ. ಇನ್ನೊಂದು, ಪೀಜೋಮೀಟರಿನ ಬ್ಯಾಟರಿ ಸತ್ತ ದಿನ ಹೊಸದಕ್ಕೆ ಯಾವ ಲೆಕ್ಕಶೀರ್ಷಿಕೆಯಿಂದ ದುಡ್ಡು ಅನ್ನುವುದು.