ಆರು ವರ್ಷ, 78 ಸಾವಿರ ಕಿಲೋಮೀಟರ್: ಈ ಕಾರಿನ ಹಿಂದಿನ ಹೆಡ್‌ರೆಸ್ಟ್ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ

ಈ ಸಣ್ಣ ಕಾರು ತೆಗೆದುಕೊಂಡಿದ್ದು 2019ರ ಅಕ್ಟೋಬರ್‌ನಲ್ಲಿ. ಕೆಳಗಿನಿಂದ ಎರಡನೆಯ ವೇರಿಯಂಟ್. ಅದರ ಮೇಲಿನದಕ್ಕೆ ಇನ್ನೂ 55 ಸಾವಿರ ಕೊಡಬೇಕಿತ್ತು, ಆ ವರ್ಷ ತೋಟಕ್ಕೆ ಹೊಸ ಪಂಪ್ ಹಾಕಿಸಿದ್ದರಿಂದ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಮೈಲೇಜ್, ಇಂಜಿನ್, ಡಿಕ್ಕಿ ಎಷ್ಟು ದೊಡ್ಡದು ಅನ್ನುವುದನ್ನೆಲ್ಲ ನೀವು ಈಗಾಗಲೇ ನೋಡಿರುತ್ತೀರಿ. ಅದನ್ನು ಮತ್ತೆ ಬರೆಯುವುದಿಲ್ಲ.

ನಮ್ಮ ಮನೆ ಕಾಸರಗೋಡಿನ ನೀರ್ಚಾಲು ಹತ್ತಿರ. ವಾರಕ್ಕೆ ಎರಡು ಸಲವಾದರೂ ಸೀತಾಂಗೋಳಿ, ಕುಂಬಳೆ ದಾಟಿ ಮಂಗಳೂರಿಗೆ ಹೋಗಿಬರುತ್ತೇನೆ. ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡಿ, ಹಿಂದಿನ ಗಾಜಿನ ಮೇಲಿನ ಇಬ್ಬನಿಯನ್ನು ಹಳೆಯ ಬೈರಾಸಿನಲ್ಲಿ ಒರೆಸಿ, ಕಾಲಿನ ಕೆಂಪು ಮಣ್ಣು ಕೊಡವಿ ಒಳಗೆ ಕೂರುವುದು ನನಗೆ ಬಹಳ ಇಷ್ಟದ ಕೆಲಸ. ಹೆಂಡತಿ ಮಾಡಿಕೊಟ್ಟ ಕೊತ್ತಂಬರಿ ಕಷಾಯದ ಫ್ಲಾಸ್ಕ್ ಬಾಗಿಲಿನ ಪಾಕೆಟ್‌ನಲ್ಲಿ ಸರಿಯಾಗಿ ನಿಲ್ಲುತ್ತದೆ, ಸೀತಾಂಗೋಳಿಯ ತಿರುವುಗಳಲ್ಲೂ ಅಲ್ಲಾಡುವುದಿಲ್ಲ. ಹಿಂದಿನ ಸೀಟು ಮಡಚಿದರೆ ಎರಡು ಗೋಣಿ ಸುಲಿದ ಅಡಿಕೆ ಆರಾಮವಾಗಿ ಹಿಡಿಯುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಏರು ದಾರಿಯಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ನಾಲ್ಕು ವರ್ಷ ಈ ಗಾಡಿಯ ಬಗ್ಗೆ ಯಾರು ಕೇಳಿದರೂ ಒಳ್ಳೆಯ ಮಾತೇ ಹೇಳುತ್ತಿದ್ದೆ.

2023ರ ಆಗಸ್ಟ್‌ನಲ್ಲಿ ಅದು ಬದಲಾಯಿತು.

ಅಮ್ಮನ ಕಣ್ಣಿನ ಪರೀಕ್ಷೆ ಮುಗಿಸಿ ಮಂಗಳೂರಿನಿಂದ ವಾಪಸ್ ಬರುತ್ತಿದ್ದೆವು. ಹೈವೇ ಅಗಲ ಮಾಡುವ ಕೆಲಸ ಜೋರಾಗಿತ್ತು. ಉಪ್ಪಳದ ಹತ್ತಿರ ಗಾಡಿಗಳು ಸಾಲಾಗಿ ನಿಂತಿದ್ದವು, ನಾನೂ ನಿಲ್ಲಿಸಿದೆ. ಹಿಂದಿನಿಂದ ಬಂದ ಒಂದು ಗೂಡ್ಸ್ ಗಾಡಿಗೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯಲಿಲ್ಲ. ತುಂಬಾ ಸ್ಪೀಡ್ ಏನೂ ಇರಲಿಲ್ಲ. ಧಡ್ ಅಂತ ಒಂದು ಶಬ್ದ, ಅಷ್ಟೇ. ಬಂಪರ್ ಸೀಳಿತ್ತು, ಡಿಕ್ಕಿಯ ಬಾಗಿಲು ಸ್ವಲ್ಪ ಒಳಗೆ ಹೋಗಿತ್ತು. ಗಾಜು ಕೂಡ ಒಡೆದಿರಲಿಲ್ಲ. "ಏನೂ ಆಗ್ಲಿಲ್ಲ ಮಗಾ, ಕುತ್ತಿಗೆ ಸ್ವಲ್ಪ ಉಳುಕಿದ ಹಾಗೆ" ಅಂದರು ಅಮ್ಮ. ವರ್ಕ್‌ಶಾಪಿನಲ್ಲಿ "ಗಟ್ಟಿ ಗಾಡಿ ಸಾರ್" ಅಂದರು. ಬಿಲ್ 14 ಸಾವಿರ.

ಮರುದಿನ ಬೆಳಿಗ್ಗೆ ಅಮ್ಮನಿಗೆ ದಿಂಬಿನಿಂದ ತಲೆ ಎತ್ತಲು ಆಗಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂಳೆಗೆ ಪೆಟ್ಟಾಗಿದ್ದರೆ ಕಾಣುತ್ತಿತ್ತು, ಕುತ್ತಿಗೆಯ ಸ್ನಾಯು ಮತ್ತು ಕಟ್ಟುಗಳು ಎಳೆದುಕೊಂಡರೆ ಎಕ್ಸ್‌ರೇಯಲ್ಲಿ ಗೊತ್ತಾಗುವುದಿಲ್ಲ ಅಂದರು ಡಾಕ್ಟರ್. ಎರಡು ವಾರ ಕುತ್ತಿಗೆಗೆ ಕಾಲರ್ ಪಟ್ಟಿ, ಆಮೇಲೆ ಮೂರು ತಿಂಗಳು ವ್ಯಾಯಾಮ. ದಿನಾ ಬೆಳಿಗ್ಗೆ ಹೂ ಕೊಯ್ಯಲು ಕತ್ತೆತ್ತಿ ಕೊಂಬೆ ಹಿಡಿಯುತ್ತಿದ್ದ ಅಮ್ಮ ಆ ವರ್ಷ ನವರಾತ್ರಿಗೆ ಹೂ ಕೊಯ್ಯಲಿಲ್ಲ. ನನಗೂ ಮೂರು ದಿನ ಕತ್ತು ನೋವಿತ್ತು. ಪಕ್ಕದ ಸೀಟಿನಲ್ಲಿದ್ದ ಹೆಂಡತಿಗೆ ಏನೂ ಆಗಿರಲಿಲ್ಲ. ಒಂದೇ ಗಾಡಿ, ಒಂದೇ ಹೊಡೆತ. ಮೂವರಿಗೆ ಮೂರು ಥರ ಯಾಕೆ?

ಒಂದು ಸಂಜೆ ಟೇಪ್ ಹಿಡಿದುಕೊಂಡು ಗಾಡಿಯೊಳಗೆ ಕೂತೆ. ನನ್ನ ವೇರಿಯಂಟ್‌ನಲ್ಲಿ ಹಿಂದಿನ ಸೀಟಿಗೆ ಬೇರೆ ಹೆಡ್‌ರೆಸ್ಟ್ ಇಲ್ಲ. ಸೀಟಿನ ಬೆನ್ನೇ ಮೇಲೆ ಸ್ವಲ್ಪ ಉಬ್ಬಿಕೊಂಡಿದೆ, ಎತ್ತಲು ಇಳಿಸಲು ಬರುವುದಿಲ್ಲ. ಅಮ್ಮ ಕೂತರೆ ಆ ಉಬ್ಬು ಅವರ ಕುತ್ತಿಗೆಯ ಮಧ್ಯಕ್ಕೆ ಬರುತ್ತದೆ, ಕಿವಿಗಿಂತ ನಾಲ್ಕು ಬೆರಳು ಕೆಳಗೆ. ಅದರ ಮೇಲೆ ತಲೆಗೆ ಏನೂ ಆಸರೆ ಇಲ್ಲ.

ಹಿಂದಿನಿಂದ ಹೊಡೆದಾಗ ಆಗುವುದು ಇಷ್ಟು. ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಒಂದು ಕ್ಷಣ ಕುತ್ತಿಗೆ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಡೊಂಕಾಗಿ, ಆಮೇಲೆ ತಲೆ ಹಿಂದಕ್ಕೆ ವಾಲುತ್ತದೆ. ಇದೆಲ್ಲ ನಡೆಯುವುದು ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಬಿಗಿಹಿಡಿದು ಕೂರಲು ಸಮಯವೇ ಇಲ್ಲ. ತಲೆಯ ಹಿಂದೆ ಹತ್ತಿರದಲ್ಲೇ ಆಸರೆ ಇದ್ದರೆ ತಲೆಯೂ ಬೆನ್ನಿನ ಜೊತೆಗೇ ಮುಂದೆ ಬರುತ್ತದೆ. ಆಸರೆ ಕುತ್ತಿಗೆಯ ಹತ್ತಿರ ಮಾತ್ರ ಇದ್ದರೆ, ಹಾರೆ ಮೀಟಲು ಕೆಳಗಿಟ್ಟ ಕಲ್ಲಿನ ಹಾಗೆ ಅದರ ಮೇಲೆಯೇ ಕುತ್ತಿಗೆ ಮಡಚುತ್ತದೆ. ಅಮ್ಮ ಹಿಂದೆ ಕೂತರೂ ಬೆಲ್ಟ್ ಹಾಕಿದ್ದರು, ಅದು ನಮ್ಮ ಮನೆಯ ನಿಯಮ. ಆದರೆ ಬೆಲ್ಟ್ ತಡೆಯುವುದು ಮೈ ಮುಂದಕ್ಕೆ ಹೋಗದ ಹಾಗೆ. ತಲೆ ಹಿಂದಕ್ಕೆ ಹೋಗುವುದನ್ನು ಅದು ತಡೆಯುವುದಿಲ್ಲ. ಸ್ಟೇರಿಂಗ್‌ನ ಏರ್‌ಬ್ಯಾಗ್ ಕೂಡ ಮುಂದಿನಿಂದ ಆಗುವ ಡಿಕ್ಕಿಗೆ ಮಾಡಿದ್ದು.

"ಗಟ್ಟಿ ಗಾಡಿ" ಅನ್ನುವ ಮಾತು ಆಮೇಲೆ ನನಗೆ ಬೇರೆ ಥರ ಕೇಳಿಸತೊಡಗಿತು. ಗಾಡಿಯ ಮುಂದಿನ ಹಿಂದಿನ ಭಾಗ ಮುದುಡಿ ಹೊಡೆತವನ್ನು ನುಂಗಬೇಕು, ಜನ ಕೂರುವ ಭಾಗ ಮಾತ್ರ ಗಟ್ಟಿಯಾಗಿರಬೇಕು ಅನ್ನುವ ಯೋಚನೆಗೆ ಬೇಲಾ ಬಾರೆನ್ಯಿ ಎಂಬ ಮರ್ಸಿಡಿಸ್ ಇಂಜಿನಿಯರ್ 1952ರಲ್ಲೇ ಪೇಟೆಂಟ್ ಪಡೆದಿದ್ದರು. ಗಾಡಿಗೆ ಏನೂ ಆಗದಿದ್ದರೆ ಆ ಹೊಡೆತ ಎಲ್ಲಿಗೆ ಹೋಯಿತು? ನಮ್ಮ ಕಡೆ ಬಂಪರ್ ನೋಡಿ ಅಪಘಾತ ಸಣ್ಣದೋ ದೊಡ್ಡದೋ ಅಂತ ತೀರ್ಮಾನ ಮಾಡುತ್ತಾರೆ. ನಾನೂ ಆ ದಿನ ಹಾಗೆಯೇ ಮಾಡಿದೆ, ಅಮ್ಮನನ್ನು ನೇರವಾಗಿ ಮನೆಗೆ ಕರೆದುಕೊಂಡು ಬಂದೆ. ಅದಕ್ಕೆ ಈಗಲೂ ಬೇಜಾರಿದೆ.

ನನ್ನ ಮೂರು ದಿನದ ನೋವಿಗೂ ಕಾರಣ ಸಿಕ್ಕಿತು. ಮುಂದಿನ ಹೆಡ್‌ರೆಸ್ಟ್ ಎತ್ತಲು ಬರುತ್ತದೆ. ಆದರೆ ಸೀಟ್ ಕವರ್ ಹಾಕಿದವರು ಅದನ್ನು ಎತ್ತುವ ಗುಂಡಿಯನ್ನೇ ರೆಕ್ಸಿನ್ ಒಳಗೆ ಮುಚ್ಚಿಬಿಟ್ಟಿದ್ದರು. ನಾಲ್ಕು ವರ್ಷ ಅದು ಪೂರಾ ಕೆಳಗೇ ಇತ್ತು, ನಾನು 5 ಅಡಿ 10 ಇಂಚು. ಹೆಂಡತಿ ಕುಳ್ಳು, ಅವಳ ತಲೆಗೆ ಅದೇ ಎತ್ತರ ಸರಿಯಾಗಿತ್ತು. ಬ್ಲೇಡ್ ತೆಗೆದುಕೊಂಡು ಹೊಲಿಗೆ ಬಿಚ್ಚಿದೆ. ಈಗ ಹೆಡ್‌ರೆಸ್ಟಿನ ಮೇಲಂಚು ನನ್ನ ನೆತ್ತಿಯ ಸಮಕ್ಕಿದೆ. ಸೀಟನ್ನು ಹಿಂದಕ್ಕೆ ವಾಲಿಸಿ ಓಡಿಸುವ ಅಭ್ಯಾಸವನ್ನೂ ಬಿಟ್ಟೆ, ವಾಲಿಸಿದಷ್ಟೂ ತಲೆಗೂ ಹೆಡ್‌ರೆಸ್ಟಿಗೂ ನಡುವೆ ಜಾಗ ಜಾಸ್ತಿಯಾಗುತ್ತದೆ.

ಸಿಟ್ಟು ಬಂದಿದ್ದು ಯಾಕೆ ಅಂದರೆ ಇದೇನೂ ಹೊಸ ವಿಷಯ ಅಲ್ಲ. ಅಮೆರಿಕದಲ್ಲಿ ಮುಂದಿನ ಸೀಟುಗಳಿಗೆ ಹೆಡ್‌ರೆಸ್ಟ್ ಕಡ್ಡಾಯವಾಗಿದ್ದು 1969ರಲ್ಲಿ. ಸ್ವೀಡನ್ನಿನ ಸಾಬ್ ಕಾರು ಕಂಪೆನಿ 1997ರಲ್ಲೇ, ಹಿಂದಿನಿಂದ ಹೊಡೆದಾಗ ತಾನಾಗಿ ಮೇಲಕ್ಕೂ ಮುಂದಕ್ಕೂ ಬರುವ ಹೆಡ್‌ರೆಸ್ಟ್ ಮಾಡಿತ್ತು. ಹೊಸ ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್, ಹಿಂದಿನಿಂದ ಹೊಡೆದಾಗ ಕುತ್ತಿಗೆಗೆ ಏನಾಗುತ್ತದೆ ಅನ್ನುವ ಪರೀಕ್ಷೆಯನ್ನೂ 2009ರಿಂದ ಸ್ಟಾರ್ ಲೆಕ್ಕಕ್ಕೆ ಸೇರಿಸಿದೆ. ಅದೇ ಥರ ಸ್ಟಾರ್ ಕೊಡುವ ನಮ್ಮ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಲ್ಲಿ ಶುರುವಾದಾಗ ಮುಂದಿನಿಂದ 64 ಕಿಲೋಮೀಟರ್ ವೇಗದ ಡಿಕ್ಕಿ ಮತ್ತು ಪಕ್ಕದ ಡಿಕ್ಕಿಗಳನ್ನು ನೋಡಿತು. ಅದು ಬೇಕೇ ಬೇಕು, ಜೀವ ಹೋಗುವುದು ಅಲ್ಲೇ ಜಾಸ್ತಿ. ಆದರೆ ಸ್ಟಾರ್ ನೋಡಿದವರು ಇಡೀ ಗಾಡಿಯೇ ಸೇಫ್ ಅಂದುಕೊಳ್ಳುತ್ತಾರೆ ಅಲ್ವಾ? ಕೇರಳದಲ್ಲಿ 2023ರ ಜೂನ್‌ನಲ್ಲಿ ಎಐ ಕ್ಯಾಮೆರಾ ದಂಡ ಶುರುವಾದ ಮೇಲೆ ಮುಂದೆ ಕೂತವರೆಲ್ಲ ಬೆಲ್ಟ್ ಹಾಕುತ್ತಾರೆ. ನಮ್ಮ ಮನೆಗಳಲ್ಲಿ ಹಿಂದೆ ಕೂರುವುದು ಅಪ್ಪ ಅಮ್ಮ ಮತ್ತು ಮಕ್ಕಳು. ಅವರ ತಲೆಯ ಹಿಂದೆ ಏನಿದೆ ಅಂತ ಯಾರೂ ತಿರುಗಿ ನೋಡುವುದಿಲ್ಲ.

ಹಿಂದೆ ಹೆಡ್‌ರೆಸ್ಟ್ ಇರುವ ಮೇಲಿನ ವೇರಿಯಂಟ್‌ನ ಸೀಟು ಹಾಕಿಕೊಡುತ್ತೀರಾ ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಸೀಟಿನ ಒಳಗಿನ ಫ್ರೇಮೇ ಬೇರೆ, ಪೂರಾ ಸೀಟು ಬದಲಿಸಬೇಕು, ನಾವು ಮಾಡುವುದಿಲ್ಲ ಅಂದರು. ಆನ್‌ಲೈನಿನಲ್ಲಿ ಬೆಲ್ಟ್ ಕಟ್ಟಿ ನಿಲ್ಲಿಸುವ ದಿಂಬು ಸಿಗುತ್ತದೆ. ತರಿಸಿ ನೋಡಿದೆ. ಒಂದು ಕೈಯಲ್ಲಿ ಒತ್ತಿದರೆ ಹಿಂದಕ್ಕೆ ಬೀಳುತ್ತದೆ, ವಾಪಸ್ ಕಳಿಸಿದೆ.

ಇಷ್ಟಾದರೂ ಗಾಡಿ ಮಾರಿಲ್ಲ. ಇಂಜಿನ್ ಇನ್ನೂ ಚೆನ್ನಾಗಿದೆ, ಆ ಕಷಾಯದ ಪಾಕೆಟ್ ಕೂಡ ಇಷ್ಟವೇ. ಕೂರುವ ಜಾಗ ಬದಲಾಗಿದೆ. ಈಗ ಅಮ್ಮ ಮುಂದೆ, ಹೆಂಡತಿ ಹಿಂದೆ, ಅವಳ ಎತ್ತರಕ್ಕೆ ಆ ಉಬ್ಬು ಕಿವಿಯವರೆಗೆ ಬರುತ್ತದೆ. ಎತ್ತರದ ನೆಂಟರು ಬಂದರೆ ಬಾಡಿಗೆ ಕಾರು ಹೇಳುತ್ತೇನೆ. ಇಬ್ಬರೇ ಓಡಾಡುವವರಾದರೆ ಈ ವೇರಿಯಂಟ್ ಧಾರಾಳ ತೆಗೆದುಕೊಳ್ಳಿ. ಹಿಂದೆ ದೊಡ್ಡವರು ಕೂರುತ್ತಾರೆ ಅಂತಾದರೆ ಬೇಡ. ಅಲಾಯ್ ವೀಲ್, ದೊಡ್ಡ ಸ್ಕ್ರೀನ್ ಬಿಡಿ, ಆ 55 ಸಾವಿರ ಹಿಂದಿನ ಎರಡು ಹೆಡ್‌ರೆಸ್ಟಿಗೇ ಕೊಟ್ಟೆ ಅಂದುಕೊಳ್ಳಿ.

ಮುಂದಿನ ವರ್ಷ ಅಡಿಕೆ ಕೈಹಿಡಿದರೆ ಬೇರೆ ಗಾಡಿ ನೋಡುವ ಯೋಚನೆ ಇದೆ. ಶೋರೂಮಿಗೆ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಟೆಸ್ಟ್ ಡ್ರೈವ್ ಆಮೇಲೆ, ಮೊದಲು ಅವರು ಹಿಂದೆ ಕೂತು ನೋಡಲಿ.