ಫಿಗ್ಮಾದಲ್ಲಿ ಕನ್ನಡ ಅಕ್ಷರಕ್ಕೆ ಗ್ರೇಡಿಯಂಟ್: ಗದಗಿನಿಂದ ಒಂದು ವಿಮರ್ಶೆ

ಹೆಸರು ಹೊಳೆಯಬೇಕು ಎಂಬುದು ಗದಗಿನ ಗಿರಾಕಿಗಳು ತಪ್ಪದೆ ಹೇಳುವ ಮಾತು. ಜಾತ್ರೆಯ ಭಿತ್ತಿಪತ್ರವಿರಲಿ, ರಾಜ್ಯೋತ್ಸವದ ಬ್ಯಾನರ್ ಇರಲಿ, ಲಗ್ನಪತ್ರಿಕೆಯಿರಲಿ, ಶೀರ್ಷಿಕೆಯಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಕರಗುತ್ತಾ ಹೋಗಬೇಕು. ಇದಕ್ಕೇ ಗ್ರೇಡಿಯಂಟ್ ಎನ್ನುವುದು. ಈ ಕೆಲಸಕ್ಕೆ ನಾನು ಕೆಲವು ವರ್ಷಗಳಿಂದ ಬ್ರೌಸರ್‌ನಲ್ಲೇ ತೆರೆಯುವ ಫಿಗ್ಮಾವನ್ನು ಬಳಸುತ್ತಿದ್ದೇನೆ. ಇದು ಮುಖ್ಯವಾಗಿ ಜಾಲತಾಣ, ಆ್ಯಪ್‌ಗಳ ವಿನ್ಯಾಸಕ್ಕೆಂದು ಹುಟ್ಟಿದ ಸಾಧನ. ಆದರೂ ನಾನು ಇದನ್ನು ಬಿಡದಿರುವುದಕ್ಕೆ ಕಾರಣ ಒಂದೇ: ಗ್ರೇಡಿಯಂಟ್ ತುಂಬಿದ ಮೇಲೂ ಅಕ್ಷರವು ಚಿತ್ರವಾಗದೆ ಅಕ್ಷರವಾಗಿಯೇ ಉಳಿಯುತ್ತದೆ. ಮುದ್ರಣದ ಹಿಂದಿನ ರಾತ್ರಿ ಅತಿಥಿಗಳ ಹೆಸರು ಬದಲಾದರೆ ತಿದ್ದಿ ಬರೆದರಾಯಿತು, ಬಣ್ಣವನ್ನು ಮತ್ತೆ ಕೂಡಿಸಬೇಕಿಲ್ಲ.

ಪಠ್ಯವನ್ನು ಆಯ್ದು, ಬಲಬದಿಯ ಫಿಲ್ ವಿಭಾಗದಲ್ಲಿ ಬಣ್ಣದ ಚೌಕವನ್ನು ಒತ್ತಿ ಗ್ರೇಡಿಯಂಟ್ ಆರಿಸಬೇಕು. ಲೀನಿಯರ್, ರೇಡಿಯಲ್, ಆಂಗ್ಯುಲರ್, ಡೈಮಂಡ್ ಎಂಬ 4 ಬಗೆಗಳಿವೆ. ಅಕ್ಷರಕ್ಕೆ, ಬಣ್ಣ ನೇರ ಗೆರೆಯಲ್ಲಿ ಹರಿಯುವ ಲೀನಿಯರ್ ಸಾಕು.

ಕನ್ನಡಕ್ಕೆ ನಿಜವಾಗಿ ಗಮನ ಬೇಕಾದದ್ದು ಇದರ ಮುಂದೆ. ಗ್ರೇಡಿಯಂಟ್ ಹರಡುವುದು ಅಕ್ಷರದ ಉದ್ದಗಲಕ್ಕಲ್ಲ, ಪಠ್ಯವನ್ನು ಸುತ್ತುವರಿದ ಚೌಕಟ್ಟಿನ ಉದ್ದಗಲಕ್ಕೆ. ಸಾಲಿನ ಎತ್ತರವನ್ನು ಹೆಚ್ಚಿಸಿದರೆ ಎರಡೂ ತುದಿಯ ಬಣ್ಣಗಳು ಖಾಲಿ ಜಾಗದ ಪಾಲಾಗಿ, ಅಕ್ಷರಕ್ಕೆ ನಡುವಿನ ಬಣ್ಣವಷ್ಟೇ ಉಳಿಯುತ್ತದೆ. ಆಗ ಕ್ಯಾನ್ವಾಸ್ ಮೇಲೆ ಕಾಣುವ ಹಿಡಿಕೆಗಳನ್ನು ಎಳೆದು, ಒಂದನ್ನು ತಲೆಕಟ್ಟಿಗೂ ಇನ್ನೊಂದನ್ನು ಒತ್ತಕ್ಷರದ ಬುಡಕ್ಕೂ ಹೊಂದಿಸಬೇಕು. ಇಂಗ್ಲಿಷಿನ ದೊಡ್ಡಕ್ಷರಗಳು ಬಹುಪಾಲು ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. ನಮ್ಮ ಒತ್ತುಗಳು ಕೆಳಗಿಳಿಯುತ್ತವೆ. ಬಿಳಿ ಹಿನ್ನೆಲೆಯ ಮೇಲೆ ‘ಹುಬ್ಬಳ್ಳಿ’ ಎಂದು ಬರೆದು, ಮೇಲೆ ಕೆಂಪು, ಕೆಳಗೆ ತಿಳಿ ಹಳದಿ ಕೊಟ್ಟು ದೂರದಿಂದ ನೋಡಿ. ಎರಡೂ ಒತ್ತುಗಳು ಮಾಸಿ ‘ಹುಬಳಿ’ ಎಂದು ಓದಿಸಿಕೊಳ್ಳುತ್ತದೆ. ಬಿಳಿ ಕಾಗದದ ಮೇಲೆ ಗಾಢ ಬಣ್ಣ ಕೆಳಗೇ ಇರಬೇಕು ಎಂಬುದು ನನ್ನ ಹಟ. ಗಿರಾಕಿ ಬೇರೆ ಕೇಳಿದರೂ ತೋರಿಸಿ ಒಪ್ಪಿಸುತ್ತೇನೆ.

ಗೂಗಲ್ ಫಾಂಟ್ಸ್‌ನ ಕನ್ನಡ ಫಾಂಟ್‌ಗಳು ಇಲ್ಲಿ ನೇರವಾಗಿ ಸಿಗುತ್ತವೆ. ಬಾಲೂ ತಮ್ಮ 2, ಅನೇಕ್ ಕನ್ನಡ ಇವುಗಳ ದಪ್ಪ ರೂಪಗಳಲ್ಲಿ ಬಣ್ಣ ಹರಿಯಲು ಬೇಕಾದಷ್ಟು ಮೈಯಿದೆ. ನಮ್ಮ ಸೀಮೆಯ ಹೆಸರನ್ನೇ ಹೊತ್ತ ‘ಹುಬ್ಬಳ್ಳಿ’ ಫಾಂಟ್ ನನಗೆ ಅಚ್ಚುಮೆಚ್ಚು, ಆದರೆ ಅದರ ಗೆರೆ ತೆಳು. ಗ್ರೇಡಿಯಂಟ್ ಹಾಕಿದರೂ ಕಣ್ಣಿಗೆ ಹತ್ತುವುದಿಲ್ಲ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಕಡತಗಳಿಂದ ಪಠ್ಯ ತರುವವರು ಮೊದಲು ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಇಲ್ಲದಿದ್ದರೆ ಅಂಟಿಸಿದ ಕಡೆ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ.

ಬಣ್ಣದ ಜೋಡಿಯ ಬಗ್ಗೆ ಒಂದು ಮಾತು. ಕೆಂಪು ಹಳದಿಗೆ ಹೊರಳುವಾಗ ನಡುವೆ ಕಿತ್ತಳೆ ಬರುತ್ತದೆ, ರಾಜ್ಯೋತ್ಸವದ ಕೆಲಸ ಹೀಗಾಗಿ ಸಲೀಸು. ಅಚ್ಚ ನೀಲಿಯನ್ನು ಅಚ್ಚ ಹಳದಿಗೆ ಹರಿಸಿದರೆ ಮಧ್ಯದಲ್ಲಿ ಕೊಳೆ ಹಿಡಿದಂತಹ ಬೂದು. ಎರಡರ ಸರಾಸರಿ ತೆಗೆದರೆ ಕೆಂಪು, ಹಸಿರು, ನೀಲಿ ಮೂರೂ 0ಯಿಂದ 255ರ ಅಳತೆಯಲ್ಲಿ 128ರ ಆಸುಪಾಸಿಗೆ ಬರುವುದರಿಂದ ಅದು ಅನಿವಾರ್ಯ. ಬಣ್ಣಪಟ್ಟಿಯ ನಡುವೆ ಕ್ಲಿಕ್ ಮಾಡಿ ಹಸಿರನ್ನೋ ಗುಲಾಬಿಯನ್ನೋ ಸೇರಿಸಿದರೆ ಜೀವ ಬರುತ್ತದೆ.

ಮುದ್ರಣ ಕಾಶಿ ಎನಿಸಿಕೊಂಡ ನಮ್ಮ ಊರಿಗೆ ಕಾಡುವ ಕೊರತೆಯೆಂದರೆ, ಫಿಗ್ಮಾ ಪರದೆಗಾಗಿ ಕಟ್ಟಿದ್ದು. ಮುದ್ರಣದ ನಾಲ್ಕು ಶಾಯಿಗಳ ಲೆಕ್ಕದ ಸಿಎಂವೈಕೆ ಕಡತ ಇದರಿಂದ ನೇರವಾಗಿ ಬರುವುದಿಲ್ಲ. ಪರದೆಯಲ್ಲಿ ಮಿನುಗುವ ಹಸಿರು, ನೀಲಿಗಳು ನಾಲ್ಕು ಶಾಯಿಗಳಲ್ಲಿ ಮಂಕಾಗುತ್ತವೆ. ವಾಟ್ಸ್‌ಆ್ಯಪ್ ಆಮಂತ್ರಣಕ್ಕೆ ಚಿಂತೆಯಿಲ್ಲ. ಆಫ್‌ಸೆಟ್ ಕೆಲಸಕ್ಕೆ ನಾನು ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ಎಸ್‌ವಿಜಿ ಕಡತ ತೆಗೆದುಕೊಡುತ್ತೇನೆ. ಅಕ್ಷರಗಳನ್ನು ಆಕೃತಿಗಳಾಗಿ ಬದಲಿಸುವ ‘ಔಟ್‌ಲೈನ್ ಟೆಕ್ಸ್ಟ್’ ಆಯ್ಕೆ ಇದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲೂ ಒತ್ತಕ್ಷರ ಒಡೆಯುವುದಿಲ್ಲ. ಬಣ್ಣದ ಪರಿವರ್ತನೆ ಮುದ್ರಣಾಲಯದಲ್ಲಿ ಆಗುತ್ತದೆ, ಮಾದರಿ ಪ್ರತಿ ಕಣ್ಣಿಂದ ನೋಡದೆ ನಾನು ಒಪ್ಪಿಗೆ ಕೊಡುವುದಿಲ್ಲ.

ಇಲ್ಲಿ ಹೇಳಿದ ಗ್ರೇಡಿಯಂಟ್ ಸೌಲಭ್ಯಗಳೆಲ್ಲ ಉಚಿತ ಯೋಜನೆಯಲ್ಲೇ ಇವೆ. ಮೆನುಗಳು ಮಾತ್ರ ಕನ್ನಡದಲ್ಲಿಲ್ಲ. ಅವು ಕನ್ನಡಕ್ಕೆ ಬಂದರೆ, ಇಂಗ್ಲಿಷಿಗೆ ಹೆದರಿ ದೂರ ನಿಂತಿರುವ ನಮ್ಮ ಊರಿನ ಎಷ್ಟೋ ಡಿಟಿಪಿ ಕೆಲಸಗಾರರಿಗೆ ನಾನೇ ಕೂತು ಕಲಿಸುತ್ತೇನೆ.